ಗಟ್ಟಿ ವಸ್ತುವಿನೊಳಗೆ ಇನ್ನೊಂದು ಗಟ್ಟಿ ವಸ್ತು ತೂರಿಸಲು ಹೋದ 60 ದಿನ

ಇದೆಲ್ಲ ಶುರುವಾಗಿದ್ದು ಒಂದು ಜಗಳದಿಂದ. ಗೆಳೆಯ ಮೇಜಿನ ಮೇಲೆ ಅಂಗೈ ಇಟ್ಟುಕೊಂಡು ಹೇಳಿದ, "ಪರಮಾಣು ಅಂದ್ರೆ ಬರೀ ಖಾಲಿ ಜಾಗ ಕಣೋ. ನಡುವಿನ ಬೀಜದ ಅಗಲ ಇಡೀ ಪರಮಾಣುವಿನ ಅಗಲದಲ್ಲಿ ಲಕ್ಷದಲ್ಲಿ ಒಂದು ಪಾಲು. ನನ್ನ ಕೈಯೂ ಖಾಲಿ, ಈ ಮೇಜೂ ಖಾಲಿ. ಸರಿಯಾಗಿ ಹೊಂದಿಸಿದ್ರೆ ಕೈ ಆಚೆ ಕಡೆ ಬರಬೇಕಲ್ವಾ?" ನಾನು ಆಗಲ್ಲ ಅಂದೆ. ಯಾಕೆ ಆಗಲ್ಲ ಅಂತ ಕೇಳಿದಾಗ ನೆಟ್ಟಗೆ ಉತ್ತರ ಕೊಡಲು ಬರಲಿಲ್ಲ. ಬಾಯಲ್ಲಿ ವಾದ ಮಾಡುವುದಕ್ಕಿಂತ ಮಾಡಿಯೇ ನೋಡೋಣ ಅಂತ ಹೊರಟೆ. ಎರಡು ವಾರಾಂತ್ಯದ ಕೆಲಸ ಅಂದುಕೊಂಡಿದ್ದು 60 ದಿನ ಹಿಡಿಯಿತು, ಇನ್ನೂ ಪೂರ್ತಿ ಮುಗಿದಿಲ್ಲ.

ಮೊದಲೇ ಒಂದು ನಿಯಮ ಬರೆದಿಟ್ಟೆ. ಒಂದು ವಸ್ತು ಇನ್ನೊಂದರೊಳಗಿಂದ ಆಚೆ ಬಂದಮೇಲೆ ಎರಡೂ ಇಡಿಯಾಗಿ ಉಳಿದಿರಬೇಕು. ತೂತು ಇರಬಾರದು, ಚೂರು ಉದುರಿರಬಾರದು. ಈ ನಿಯಮವನ್ನು ನಾನೇ ಎರಡು ಸಲ ಸಡಿಲ ಮಾಡಿದೆ, ಅದನ್ನೂ ಮುಂದೆ ಬರೆದಿದ್ದೇನೆ.

ದಿನ 1 ಮತ್ತು 2: ಎರಡು ಜಾಲರಿ

ಗೆಳೆಯನ "ಖಾಲಿ ಜಾಗ"ದ ಮಾತನ್ನೇ ಮೊದಲು ಹಿಡಿದೆ. 300 ಮಿಮೀ ಉದ್ದಗಲದ ಎರಡು ಮರದ ಚೌಕಟ್ಟು ಮಾಡಿದೆ. ಪ್ರತಿ 10 ಮಿಮೀಗೆ ಒಂದು ಸಣ್ಣ ಮೊಳೆ ಹೊಡೆದು, 0.5 ಮಿಮೀ ತಂತಿಯನ್ನು ಉದ್ದಕ್ಕೂ ಅಡ್ಡಕ್ಕೂ ಬಿಗಿದೆ. ಒಂದು ಚೌಕಟ್ಟಿಗೆ ಅಡ್ಡ 29, ಉದ್ದ 29. ಲೆಕ್ಕ ಹಾಕಿದರೆ ಇದರಲ್ಲಿ 90 ಶೇಕಡಾ ಬರೀ ಗಾಳಿ.

ಒಂದರ ಮೇಲೆ ಒಂದು ಇಟ್ಟು ಒತ್ತಿದೆ. ನಿಂತಿತು. ತಿರುಗಿಸಿ, ಓರೆ ಮಾಡಿ, ಪಕ್ಕಕ್ಕೆ ಸರಿಸಿ ಒತ್ತಿದೆ. ಪ್ರತಿ ಸಲ ಎಲ್ಲೋ ಒಂದು ಕಡೆ ತಂತಿಗೆ ತಂತಿ ಸಿಕ್ಕಿಕೊಳ್ಳುತ್ತಿತ್ತು. ಮೇಲೆ 4 ಕೆಜಿ ಹೇರಿದೆ, ಎರಡು ಮೊಳೆ ಕಿತ್ತು ಬಂದವು, ಜಾಲರಿ ಮಾತ್ರ ದಾಟಲಿಲ್ಲ.

ಗೆಳೆಯನಿಗೆ ಫೋಟೋ ಕಳಿಸಿದರೆ "ತಂತಿ ದಪ್ಪ ಆಯ್ತು" ಅಂದ. ಸರಿ ಅಂತ ಎಲ್ಲ ಬಿಚ್ಚಿ 0.1 ಮಿಮೀ ನೈಲಾನ್ ಎಳೆ ಹಾಕಿದೆ. ಈ ಕೆಲಸಕ್ಕೆ ಇಡೀ ಒಂದು ಸಂಜೆ ಹೋಯಿತು, ಬೆರಳ ತುದಿ ಕೊಯ್ದುಕೊಂಡಿತು. ಈಗ 98 ಶೇಕಡಾ ಖಾಲಿ. ಮತ್ತೆ ಒತ್ತಿದೆ, ಮತ್ತೆ ನಿಂತಿತು. ಎಳೆ ಕೂದಲಷ್ಟು ತೆಳು, ಆದರೂ ಒಂದಿಂಚೂ ಒಳಗೆ ಹೋಗಲಿಲ್ಲ.

ಆಮೇಲೆ ಸುಮ್ನೆ ಎರಡು ಬಾಚಣಿಗೆ ತೆಗೆದುಕೊಂಡು ಒಂದರ ಹಲ್ಲಿನೊಳಗೆ ಇನ್ನೊಂದರ ಹಲ್ಲು ಒತ್ತಿದೆ. ಸರ್ರಂತ ಹೋಯಿತು, ಬೆನ್ನು ತಾಗುವವರೆಗೆ. ಬಾಚಣಿಗೆಯಲ್ಲಿ ಅರ್ಧಕ್ಕರ್ಧ ಪ್ಲಾಸ್ಟಿಕ್! ಅಂದರೆ ಶೇಕಡಾ 98 ಖಾಲಿ ಇರುವುದು ದಾಟುವುದಿಲ್ಲ, 50 ಖಾಲಿ ಇರುವುದು ದಾಟುತ್ತದೆ. ಖಾಲಿ ಎಷ್ಟಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಎಲ್ಲಿ ಹೆಣೆದುಕೊಂಡಿದೆ, ಎಲ್ಲಿ ಬಿಟ್ಟಿದೆ ಅನ್ನುವುದು ಬರುತ್ತದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಜಾಲರಿ ಪರಮಾಣುವಿಗೆ ಸರಿಯಾದ ಹೋಲಿಕೆ ಅಲ್ಲ. ಅಲ್ಲಿ ತಂತಿಗಳಿಲ್ಲ, ಎಲೆಕ್ಟ್ರಾನ್‌ಗಳಿವೆ, ಒಂದು ಎಲೆಕ್ಟ್ರಾನ್ ಇರುವ ಸ್ಥಿತಿಯಲ್ಲೇ ಇನ್ನೊಂದು ಬಂದು ಕೂರಲು ಆಗುವುದಿಲ್ಲ. ಗಟ್ಟಿ ವಸ್ತು ಕುಸಿಯದೆ ನಿಲ್ಲುವುದಕ್ಕೆ ಈ ನಿಯಮ ಬೇಕೇ ಬೇಕು ಅಂತ ಫ್ರೀಮನ್ ಡೈಸನ್ ಮತ್ತು ಆಂಡ್ರ್ಯೂ ಲೆನಾರ್ಡ್ 1967ರಲ್ಲಿ ಗಣಿತದಿಂದ ತೋರಿಸಿದ್ದಾರೆ. ಇದನ್ನು ಹೇಳಿದರೆ ಗೆಳೆಯ ಭೌತವಿಜ್ಞಾನಿ ರುದರ್‌ಫೋರ್ಡ್ ಪ್ರಯೋಗಾಲಯದ ಚಿನ್ನದ ಹಾಳೆ ನೆನಪಿಸಿದ. ಅಲ್ಲಿ 1909ರಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಬಿಟ್ಟ ಆಲ್ಫಾ ಕಣಗಳು ಬಹುಪಾಲು ಸೀದಾ ದಾಟಿಹೋದವು, ನಿಜ. ಆದರೆ ಆಲ್ಫಾ ಕಣ ಅಂದರೆ ಎಲೆಕ್ಟ್ರಾನ್ ಇಲ್ಲದ ಬರೀ ಬೀಜ. ಅವನ ಅಂಗೈ ಹಾಗಿಲ್ಲವಲ್ಲ. ಥಿಯರಿ ಇಷ್ಟು ಸಾಕು, ಕೆಲಸಕ್ಕೆ ಬರೋಣ.

ದಿನ 4: ಐಸ್ ಗಡ್ಡೆ, ತಂತಿ, ಮೊದಲ ಸೋಲು

ಐಸ್ ಒಳಗಿಂದ ತಂತಿ ದಾಟಿಸುವ ಆಟ ಹಳೆಯದು, ಜೇಮ್ಸ್ ಬಾಟಮ್ಲಿ 1872ರಲ್ಲೇ ಮಾಡಿ ತೋರಿಸಿದ್ದು. ತಂತಿ ಒತ್ತಿದ ಕಡೆ ಐಸ್ ಕರಗುತ್ತದೆ, ತಂತಿ ಇಳಿದಮೇಲೆ ಹಿಂದೆ ಮತ್ತೆ ಗಟ್ಟಿಯಾಗುತ್ತದೆ. ತಂತಿ ಮೇಲಿನಿಂದ ಕೆಳಗೆ ಬಂದು ಬೀಳುತ್ತದೆ, ಗಡ್ಡೆ ಒಂದೇ ಆಗಿ ಉಳಿಯುತ್ತದೆ. ನನ್ನ ನಿಯಮಕ್ಕೆ ಇದಕ್ಕಿಂತ ಹತ್ತಿರದ್ದು ಇನ್ನೇನು ಬೇಕು?

200 × 80 × 80 ಮಿಮೀ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಹೆಪ್ಪುಗಟ್ಟಿಸಿದೆ. ನೀರನ್ನು ಮೊದಲು ಕುದಿಸಿ ಆರಿಸಿದ್ದೆ, ಗುಳ್ಳೆ ಕಮ್ಮಿ ಆಗಲಿ ಅಂತ. ಎರಡು ಸ್ಟೂಲ್ ನಡುವೆ ಗಡ್ಡೆ ಸೇತುವೆಯಂತೆ ಇಟ್ಟು, 0.3 ಮಿಮೀ ಉಕ್ಕಿನ ತಂತಿಯನ್ನು ಮೇಲೆ ಹಾಯಿಸಿ ಎರಡೂ ತುದಿಗೆ 5 ಕೆಜಿ ತೂಕ ಕಟ್ಟಿದೆ.

ತಪ್ಪು ಒಂದು: ಗಡ್ಡೆಯನ್ನು ಫ್ರೀಜರ್‌ನಿಂದ ತೆಗೆದ ತಕ್ಷಣ ಕೆಲಸ ಶುರು ಮಾಡಿದೆ. ಅದು ಮೈನಸ್ 18 ಡಿಗ್ರಿಯಲ್ಲಿತ್ತು. 25 ನಿಮಿಷ ತಂತಿ ಅಲ್ಲಾಡಲೇ ಇಲ್ಲ. ಆಮೇಲೆ ಟಪ್ ಅಂತ ಗಡ್ಡೆ ಉದ್ದಕ್ಕೆ ಬಿರುಕು ಬಿಟ್ಟಿತು. ಲೆಕ್ಕ ಆಮೇಲೆ ಮಾಡಿದೆ, ಮೊದಲೇ ಮಾಡಬೇಕಿತ್ತು. 10 ಕೆಜಿ ಭಾರ 0.3 ಮಿಮೀ ಅಗಲ, 80 ಮಿಮೀ ಉದ್ದದ ಪಟ್ಟಿಯ ಮೇಲೆ ಬಿದ್ದರೆ ಒತ್ತಡ ವಾತಾವರಣದ ಸುಮಾರು 40 ಪಟ್ಟು. ಅಷ್ಟು ಒತ್ತಡಕ್ಕೆ ಐಸ್ ಕರಗುವ ಮಟ್ಟ ಇಳಿಯುವುದು ಬರೀ 0.3 ಡಿಗ್ರಿ. ಮೈನಸ್ 18ರ ಐಸನ್ನು ಒತ್ತಿ ಕರಗಿಸಲು ಸಾವಿರಕ್ಕೂ ಜಾಸ್ತಿ ಪಟ್ಟು ಬೇಕು. ಗಡ್ಡೆ ಸೊನ್ನೆ ಡಿಗ್ರಿಗೆ ಬಂದು, ಮೈ ಒದ್ದೆಯಾದ ಮೇಲೆಯೇ ತಂತಿ ಇಡಬೇಕು.

ತಪ್ಪು ಎರಡು: ತೂಕದ ಕೆಳಗೆ ಏನೂ ಹಾಸಿರಲಿಲ್ಲ. ಬಿರುಕು ಬಿಟ್ಟಾಗ 5 ಕೆಜಿ ಕಾಲಿನಿಂದ ಒಂದು ಗೇಣು ದೂರ ಬಿತ್ತು. ಅಂದಿನಿಂದ ಕೆಳಗೆ ಮಡಚಿದ ಗೋಣಿಚೀಲ, ಕಾಲಿಗೆ ಬೂಟು.

ದಿನ 5 ರಿಂದ 7: ದಾಟಿತು, ಆದರೆ...

ಎರಡನೇ ಗಡ್ಡೆಯನ್ನು ಹೊರಗೆ 40 ನಿಮಿಷ ಇಟ್ಟು ಆಮೇಲೆ ತಂತಿ ಹಾಕಿದೆ. ಮೊದಲ 10 ನಿಮಿಷದಲ್ಲಿ 6 ಮಿಮೀ ಒಳಗೆ ಇಳಿಯಿತು. ಒಟ್ಟು 1 ಗಂಟೆ 35 ನಿಮಿಷಕ್ಕೆ ಪೂರ್ತಿ ದಾಟಿ ತೂಕ ಗೋಣಿಚೀಲದ ಮೇಲೆ ಧೊಪ್ ಅಂತು. ಗಡ್ಡೆ ಒಂದೇ ತುಂಡು. ಎತ್ತಿ ನೋಡಿದೆ, ಅಲ್ಲಾಡಿಸಿದೆ, ಹಿಡಿದೇ ಇತ್ತು. ನಿಜ ಹೇಳಬೇಕು ಅಂದರೆ, ಹೇಗೆ ಅಂತ ಗೊತ್ತಿದ್ದರೂ ಕೈಯಲ್ಲಿ ಹಿಡಿದಾಗ ಮೈ ಜುಮ್ ಅಂದಿತು.

ಖುಷಿ ಅರ್ಧ ಗಂಟೆ ಉಳಿಯಿತು. ಆಮೇಲೆ ಅನುಮಾನ ಹುಟ್ಟಿತು. ತಂತಿಯ ಎರಡು ತುದಿ ಬಿಸಿ ಗಾಳಿಯಲ್ಲಿ ಇವೆ, ಆ ಬಿಸಿಯೇ ಹರಿದು ಬಂದು ಐಸ್ ಕರಗಿಸಿದ್ದರೆ? ಅದಕ್ಕೆ ಮೂರು ಪರೀಕ್ಷೆ ಮಾಡಿದೆ. ಭಾರ ಇಲ್ಲದೆ ಬರೀ ತಂತಿ ಇಟ್ಟಾಗ ಒಂದು ಗಂಟೆಯಲ್ಲಿ 3 ಮಿಮೀ ಇಳಿಯಿತು, ಅಷ್ಟೂ ಮೇಲ್ಮೈ ಕರಗಿದ್ದಕ್ಕೆ. ಆಮೇಲೆ ತೂಕ ಸಮೇತ ಇಡೀ ವ್ಯವಸ್ಥೆಯನ್ನು ಐಸ್ ಚೂರು ತುಂಬಿದ ದೊಡ್ಡ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಇಳಿಸಿದೆ. ಅಲ್ಲಿ ದಾಟಲು 2 ಗಂಟೆ 50 ನಿಮಿಷ ಬೇಕಾಯಿತು. ಅಂದರೆ ಕೋಣೆಯ ಬಿಸಿ ನಿಜವಾಗಲೂ ಸಹಾಯ ಮಾಡುತ್ತಿತ್ತು, ಆದರೆ ಅದಿಲ್ಲದೆಯೂ ತಂತಿ ದಾಟುತ್ತದೆ.

ಮೂರನೆಯದು ಅದೇ ದಪ್ಪದ ನೈಲಾನ್ ದಾರ. ಒಂದು ಗಂಟೆಗೆ 11 ಮಿಮೀ ಮಾತ್ರ. ಒತ್ತಡ ಅಷ್ಟೇ, ಆದರೂ ಯಾಕೆ ಇಷ್ಟು ನಿಧಾನ? ತಂತಿಯ ಕೆಳಗೆ ಐಸ್ ಕರಗಲು ಬಿಸಿ ಬೇಕು. ಕರಗಿದ ನೀರು ತಂತಿಯ ಮೇಲೆ ಹೋಗಿ ಮತ್ತೆ ಗಟ್ಟಿಯಾಗುವಾಗ ಬಿಸಿ ಬಿಡುತ್ತದೆ. ಆ ಬಿಸಿ ತಂತಿಯೊಳಗಿಂದಲೇ ಕೆಳಗೆ ಬರಬೇಕು. ಉಕ್ಕು ಅದನ್ನು ಬೇಗ ದಾಟಿಸುತ್ತದೆ, ನೈಲಾನ್ ಬಿಡುವುದಿಲ್ಲ. ನಾಲ್ಕನೆಯದಾಗಿ ತಾಮ್ರದ ತಂತಿ ಹಾಕಲು ಹೋದೆ, 0.3 ಮಿಮೀ ತಾಮ್ರ ತೂಕ ತಡೆಯದೆ ಎರಡು ಸಲ ಹರಿಯಿತು. ಬಿಟ್ಟೆ.

ಈಗ ನಿಯಮದ ವಿಷಯ. ಗಡ್ಡೆಯನ್ನು ಬೆಳಕಿಗೆ ಹಿಡಿದರೆ ತಂತಿ ಹೋದ ದಾರಿ ತೆಳುವಾದ ಮಬ್ಬು ಹಾಳೆಯಂತೆ ಕಾಣುತ್ತದೆ, ಸಣ್ಣ ಸಣ್ಣ ಗುಳ್ಳೆಗಳು. ಬೆಸುಗೆ ಎಷ್ಟು ಗಟ್ಟಿ ಅಂತ ನೋಡಲು ದಾಟಿದ ಗಡ್ಡೆಗಳ ನಡುವೆ ಭಾರ ತೂಗಿ ಮುರಿದೆ. ಒಂದು ಬೇರೆ ಕಡೆ ಮುರಿಯಿತು, ಇನ್ನೊಂದು ಸರಿಯಾಗಿ ಆ ಮಬ್ಬು ಹಾಳೆಯಲ್ಲೇ ಮುರಿಯಿತು. ಎರಡರಿಂದ ಏನೂ ಹೇಳಲಾಗದು, ಹತ್ತಾದರೂ ಮುರಿಯಬೇಕಿತ್ತು. ಅಷ್ಟು ತಾಳ್ಮೆ ಇರಲಿಲ್ಲ.

ಗೆಳೆಯ ಬಂದು ನೋಡಿ, "ಇದು ದಾಟಿದ್ದಲ್ಲ ಕಣೋ, ಕೊಯ್ದು ಹೊಲಿದಿದ್ದು" ಅಂದ. ಮಾತು ಸರಿ ಇತ್ತು, ಅದಕ್ಕೇ ಸಿಟ್ಟು ಬಂತು. ಯಾವ ಗಳಿಗೆಯಲ್ಲೂ ತಂತಿ ಮತ್ತು ಐಸ್ ಒಂದೇ ಜಾಗದಲ್ಲಿ ಇರಲಿಲ್ಲ. ಐಸ್ ದಾರಿ ಬಿಟ್ಟಿತು, ಹಿಂದಿನಿಂದ ಮುಚ್ಚಿಕೊಂಡಿತು. ನಿಯಮದಲ್ಲಿ "ನಡುವೆ ಮುರಿದು ಮತ್ತೆ ಸೇರಿದರೂ ನಡೆಯುತ್ತದೆ" ಅಂತ ಪೆನ್ಸಿಲ್‌ನಲ್ಲಿ ಸೇರಿಸಿದೆ. ಮೊದಲ ಸಡಿಲಿಕೆ.

ದಿನ 10 ರಿಂದ 16: ಘನದೊಳಗೆ ಘನ, ಮರದಲ್ಲಿ

ಮುರಿದು ಸೇರುವುದು ಬೇಡ, ಹಾಗಾದರೆ ತೂತಾದರೂ ಇರಲಿ ಅಂತ ಬೇರೆ ದಾರಿ ಹಿಡಿದೆ. ಇದು ಎರಡನೇ ಸಡಿಲಿಕೆ. ಒಂದೇ ಅಳತೆಯ ಎರಡು ಘನ (ದಾಳದ ಹಾಗೆ ಆರೂ ಮುಖ ಚೌಕವಾಗಿರುವ ಆಕಾರ) ಇದ್ದರೆ, ಒಂದರಲ್ಲಿ ತೂತು ಕೊರೆದು, ಅದು ತುಂಡಾಗದಂತೆ ಇನ್ನೊಂದನ್ನು ಅದರೊಳಗಿಂದ ದಾಟಿಸಬಹುದಾ? ಮೊದಲ ಸಲ ಕೇಳಿದರೆ ಸಾಧ್ಯವೇ ಇಲ್ಲ ಅನಿಸುತ್ತದೆ. ರೈನ್‌ನ ರಾಜಕುಮಾರ ರೂಪರ್ಟ್ ಇದು ಆಗುತ್ತದೆ ಅಂತ ಪಂತ ಕಟ್ಟಿದ್ದ ಅಂತ ಗಣಿತಜ್ಞ ಜಾನ್ ವಾಲಿಸ್ 1693ರಲ್ಲಿ ಬರೆದಿದ್ದಾನೆ, ಹೇಗೆ ಅಂತಲೂ ತೋರಿಸಿದ್ದಾನೆ. ಗುಟ್ಟು ಇಷ್ಟೇ: ಘನವನ್ನು ಮೂಲೆಯ ಕಡೆಯಿಂದ ನೋಡಿದರೆ ಅದರ ಆಕಾರ ಆರು ಬದಿಯದು, ಆ ಆರು ಬದಿಯೊಳಗೆ ಘನದ ಮುಖಕ್ಕಿಂತ ಸ್ವಲ್ಪ ದೊಡ್ಡ ಚೌಕ ಹಿಡಿಯುತ್ತದೆ.

60 ಮಿಮೀ ಮರದ ಘನ ನಾಲ್ಕು ಕೊಯ್ದೆ. ಮೂಲೆ ಮೇಲೆ ನಿಲ್ಲಿಸಲು ಮೂರು ಹಲಗೆ ಸೇರಿಸಿ ಒಂದು ಗೂಡು ಮಾಡಿದೆ. ಮೂಲೆಯಿಂದ ಎದುರು ಮೂಲೆಗೆ ಡ್ರಿಲ್ ಇಳಿಸಿ, 40 ಮಿಮೀ ಗುಂಡು ಕೊರೆಯುವ ಗರಗಸ ಬಿಟ್ಟು, ಉಳಿದಿದ್ದನ್ನು ಉಳಿ ಮತ್ತು ಅರದಿಂದ ಚೌಕ ಮಾಡುವುದು ಅಂತ ಯೋಜನೆ. ಚೌಕ 60.6 ಮಿಮೀ ಇಟ್ಟುಕೊಂಡೆ.

ಮೊದಲ ಘನ: ಡ್ರಿಲ್ ಮೂಲೆಯ ಮೇಲೆ ನಿಲ್ಲದೆ ಜಾರಿತು. ತೂತು 3 ಮಿಮೀ ಓರೆ. ಬಿಸಾಡಿದೆ. ಮೂಲೆಯನ್ನು ಮೊದಲು ಅರದಿಂದ ಚಪ್ಪಟೆ ಮಾಡಿಕೊಳ್ಳಬೇಕು ಅಂತ ಆಮೇಲೆ ಹೊಳೆಯಿತು, ಹೇಗೂ ಆ ಮೂಲೆ ತೂತಿನಲ್ಲಿ ಹೋಗುವಂಥದ್ದೇ.

ಎರಡನೇ ಘನ: ಚೆನ್ನಾಗಿ ಬರುತ್ತಿತ್ತು. ಮೂರನೇ ಒಳಮೂಲೆ ಉಳಿಯಿಂದ ಸವರುವಾಗ ಹೊರಗಿನ ಅಂಚು ಪಟ್ ಅಂತ ಹಾರಿತು. ಅಂಟು ಹಾಕಿ ಮುಂದುವರಿಸಿದೆ, ಎದುರಿನದು ಹಾರಿತು. ಅಳೆದು ನೋಡಿದರೆ ಆ ನಾಲ್ಕು ಕಡೆ ಉಳಿಯುವ ಗೋಡೆ ಬರೀ 1 ಮಿಮೀ, ಅದೂ ಎಳೆಗೆ ಅಡ್ಡಲಾಗಿ. ಮರ ಎಲ್ಲಿ ತಡೆಯುತ್ತದೆ ಪಾಪ. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿದ್ದರೆ ನಾಲ್ಕು ಸಂಜೆ ಉಳಿಯುತ್ತಿತ್ತು.

ದಿನ 19 ರಿಂದ 33: 3D ಪ್ರಿಂಟರ್, ಇನ್ನೂ ಮೂರು ಸೋಲು

ವಾಲಿಸ್ ದಾರಿಗಿಂತ ಒಳ್ಳೆಯ ದಾರಿ ಇದೆ. ಸುಮಾರು ನೂರು ವರ್ಷ ಆದಮೇಲೆ ಪೀಟರ್ ನ್ಯೂಲ್ಯಾಂಡ್ ಕಂಡುಹಿಡಿದದ್ದು. ತೂತನ್ನು ಮೂಲೆಯಿಂದ ಮೂಲೆಗೆ ನೇರ ಕೊರೆಯದೆ ಸುಮಾರು 16 ಡಿಗ್ರಿ ಓರೆ ಮಾಡಿದರೆ ಚೌಕ ಇನ್ನೂ ದೊಡ್ಡದು ಹಿಡಿಯುತ್ತದೆ, ಘನದ ಬದಿಯ 1.06 ಪಟ್ಟು. ಗುರುತು ಹಾಕುವುದು ಎಷ್ಟು ಸುಲಭ ಅಂದರೆ ನನಗೆ ನಗು ಬಂತು. ಕೆಳಗಿನ ಮುಖದ ಒಂದು ಮೂಲೆಯಿಂದ ಆ ಮುಖದ ಎರಡು ಅಂಚಿನ ಮೇಲೆ ಮುಕ್ಕಾಲು ದೂರ ಅಳೆದು ಚುಕ್ಕೆ ಇಡಿ, ನನ್ನ 60 ಮಿಮೀ ಘನದಲ್ಲಿ 45 ಮಿಮೀ. ಅದಕ್ಕೆ ಪೂರ್ತಿ ಎದುರಾಗಿರುವ ಮೇಲಿನ ಮುಖದ ಮೂಲೆಯಿಂದಲೂ ಹಾಗೇ ಎರಡು ಚುಕ್ಕೆ. ಈ ನಾಲ್ಕು ಚುಕ್ಕೆ ಸೇರಿಸಿದರೆ 63.6 ಮಿಮೀ ಬದಿಯ ಸರಿಯಾದ ಚೌಕ. ನಂಬಿಕೆ ಬರದೆ ಮರದ ಘನದ ಮೇಲೆ ಚುಕ್ಕೆ ಇಟ್ಟು ಕ್ಯಾಲಿಪರ್‌ನಲ್ಲಿ ಅಳೆದೆ: 63.5, 63.7, 63.6, 63.6. ಆ ಚೌಕಕ್ಕೆ ನೆಟ್ಟಗೆ ತೂತು ಹೊಡೆಯುವುದು. 60.6 ಮಿಮೀ ತೂತು ಇಟ್ಟರೆ ತೆಳು ಜಾಗದಲ್ಲಿ 1.9 ಮಿಮೀ ಗೋಡೆ ಉಳಿಯುತ್ತದೆ, ಮೊದಲಿನದಕ್ಕಿಂತ ದುಪ್ಪಟ್ಟು ಹತ್ತಿರ.

ಮರ ಬಿಟ್ಟು ಈ ಸಲ 3D ಪ್ರಿಂಟರ್ ಹಿಡಿದೆ, ಪ್ಲಾಸ್ಟಿಕ್ ಕರಗಿಸಿ ಪದರದ ಮೇಲೆ ಪದರ ಇಟ್ಟು ವಸ್ತು ಕಟ್ಟುವ ಯಂತ್ರ.

ಪ್ರಿಂಟ್ 1: ಘನವನ್ನು ಮುಖದ ಮೇಲೆ ಮಲಗಿಸಿ ಪ್ರಿಂಟ್ ಕೊಟ್ಟೆ. ತೂತು ಬಹುಪಾಲು ಅಡ್ಡಡ್ಡ ಬಂತು, ಒಳಗೆಲ್ಲ ಸಪೋರ್ಟ್ (ಮೇಲಿನ ಪದರ ಜೋತು ಬೀಳದಂತೆ ಕೊಡುವ ಆಧಾರ) ತುಂಬಿತು. ಅದನ್ನು ಕೀಳುವಾಗ ತೆಳು ಅಂಚು ಎರಡು ಕಡೆ ಸೀಳಿತು.

ಪ್ರಿಂಟ್ 2: ಆ ಚೌಕದ ಮಟ್ಟದಲ್ಲೇ ಘನವನ್ನು ಎರಡು ಹೋಳು ಮಾಡಿದೆ. ಕೊಯ್ದ ಬದಿ ಬೆಡ್ (ಪ್ರಿಂಟರ್ ತಟ್ಟೆ) ಮೇಲೆ, ತೂತು ನೆಟ್ಟಗೆ ಮೇಲಕ್ಕೆ, ಸಪೋರ್ಟ್ ಬೇಕೇ ಇಲ್ಲ. ಎರಡು ಹೋಳೂ ಒಂದೇ ಆಕಾರ, ಒಂದನ್ನು ತಿರುಗಿಸಿದರೆ ಇನ್ನೊಂದು. ಅದಕ್ಕೇ ಒಂದೇ ಫೈಲ್ ಎರಡು ಸಲ ಪ್ರಿಂಟ್ ಮಾಡಿ ಅಂಟಿಸಿದೆ. ಈ ಉಪಾಯಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ದಾಟಬೇಕಾದ ಘನ ಒಳಗೆ ಬಿಟ್ಟೆ, ನುಣುಪಾಗಿ ಇಳಿಯಿತು, ಸರಿಯಾಗಿ ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಮರದ ಸುತ್ತಿಗೆಯಿಂದ ಎರಡು ಏಟು ಕೊಟ್ಟೆ. ಕೊಡಬಾರದಿತ್ತು. ಹೊರಗಿನ ಘನ ಬಿರಿಯಿತು.

ಬಿಚ್ಚಿ ಅಳೆದಾಗ ಗೊತ್ತಾಯಿತು. ತೂತು ಎಲ್ಲ ಕಡೆ 60.4 ಇದೆ, ಅಂಟಿಸಿದ ಕಡೆ ಮಾತ್ರ 59.9. ಬೆಡ್‌ಗೆ ತಾಗಿದ ಮೊದಲ ಪದರ ಸ್ವಲ್ಪ ಚಪ್ಪಟೆಯಾಗಿ ಒಳಕ್ಕೆ ಉಬ್ಬಿತ್ತು, ಎರಡೂ ಹೋಳಿನಲ್ಲಿ. ಅವೆರಡನ್ನೂ ನಾನೇ ಜೋಪಾನವಾಗಿ ನಡುಮಧ್ಯೆ ತಂದು ಅಂಟಿಸಿದ್ದೆ! ದಾಟುವ ಘನವೂ 60.2 ಬಂದಿತ್ತು.

ಪ್ರಿಂಟ್ 3: ಅಂಟಿಸುವ ಮೊದಲು ಒಳ ಅಂಚನ್ನು ಚಾಕುವಿನಿಂದ ಹೆರೆದು, ಉಪ್ಪುಕಾಗದ ಹಾಕಿ ಉಜ್ಜಿದೆ. ದಪ್ಪ ರಟ್ಟಿನಲ್ಲಿ 60.3 ಮಿಮೀ ಚೌಕ ಕೊರೆದು, ದಾಟುವ ಘನ ಎಲ್ಲ ಕಡೆಯಿಂದ ಅದರಲ್ಲಿ ಹೋಗುವವರೆಗೆ ಉಜ್ಜಿದೆ. ಘನ ಕೊನೆಗೆ 60.0 ಆಯಿತು, ಹೊರಗಿನದರ ಬದಿ 60.1. ಮೇಲಿನಿಂದ ಬಿಟ್ಟೆ. ತನ್ನ ಭಾರಕ್ಕೇ ನಿಧಾನವಾಗಿ ಇಳಿದು ಆಚೆ ಬಿತ್ತು. ಹತ್ತು ಸಲ ದಾಟಿಸಿದೆ, ಎರಡೂ ಇಡಿಯಾಗಿವೆ.

ಇಲ್ಲಿಗೆ ಬಿಡಬಹುದಿತ್ತು. ಆದರೆ 0.1 ಮಿಮೀ ವ್ಯತ್ಯಾಸ ತೋರಿಸಿ ಗೆಳೆಯ "ಒಳಗಿನದು ಚಿಕ್ಕದಿದೆ" ಅಂದರೆ? ಅದಕ್ಕೆ ಹೊರಗಿನದು 60, ಒಳಗಿನದು 61 ಇಟ್ಟು, ತೂತು 62 ಮಾಡಿದೆ. ಗೋಡೆ ಮತ್ತೆ 1 ಮಿಮೀಗೆ ಇಳಿಯಿತು. ಮೊದಲ ಸಲ ದಾಟಿತು, ದೊಡ್ಡ ಘನ ಚಿಕ್ಕ ಘನದೊಳಗಿಂದ. ಗೆಳೆಯನ ಕೈಗೆ ಕೊಟ್ಟಾಗ ಎರಡನೇ ಸಲಕ್ಕೇ ಅಂಚು ಬಿರಿಯಿತು. ಆದರೆ ಅವನು ಮೊದಲು ಅಳತೆ ಮಾಡಿ ನೋಡಿದ್ದ, ಅಷ್ಟು ಸಾಕು.

ಖರ್ಚಾಗಿದ್ದು ಮರದ ಘನ ಎರಡು, ಫಿಲಮೆಂಟ್ (ಪ್ರಿಂಟರ್ ಕರಗಿಸುವ ಪ್ಲಾಸ್ಟಿಕ್ ಎಳೆ) 510 ಗ್ರಾಂ, ಪ್ರಿಂಟ್ ಸಮಯ ಎಲ್ಲ ಸೇರಿ 41 ಗಂಟೆ. ಕೈಯಲ್ಲಿ ಉಳಿದದ್ದು 150 ಗ್ರಾಂನಷ್ಟು, ಉಳಿದದ್ದು ಕಸದ ಬುಟ್ಟಿಗೆ.

ಅಂದಹಾಗೆ, ಎಲ್ಲ ಆಕಾರಕ್ಕೂ ಹೀಗೆ ತೂತು ಸಿಗುತ್ತದಾ ಅಂತ ನಾನೂ ತಲೆ ಕೆಡಿಸಿಕೊಂಡೆ. ಸಿಗುವುದಿಲ್ಲ. ಯಾಕೋಬ್ ಸ್ಟೈನಿಂಗರ್ ಮತ್ತು ಸೆರ್ಗೈ ಯುರ್ಕೆವಿಚ್ 2025ರಲ್ಲಿ 90 ಮೂಲೆ, 152 ಮುಖದ ಒಂದು ಆಕಾರ ತೋರಿಸಿದ್ದಾರೆ, ಅದರೊಳಗಿಂದ ಅದರದೇ ಅಳತೆಯ ಇನ್ನೊಂದು ಯಾವ ರೀತಿ ಹಿಡಿದರೂ ದಾಟುವುದಿಲ್ಲ. ಅದನ್ನು ಪ್ರಿಂಟ್ ಮಾಡಲು ಹೋಗಲಿಲ್ಲ. ದಾಟದೇ ಇರುವುದನ್ನು ಪ್ರಿಂಟ್ ಮಾಡುವುದರಲ್ಲಿ ನನಗೆ ಈಗಾಗಲೇ ಬೇಕಾದಷ್ಟು ಅನುಭವ ಇದೆ.

ದಿನ 12 ರಿಂದ ಇವತ್ತಿನವರೆಗೆ: ಡಾಂಬರು

ಇದು ಪಕ್ಕದಲ್ಲಿ ನಡೆಯುತ್ತಲೇ ಇತ್ತು. ಗಟ್ಟಿ ಡಾಂಬರಿನ ಚೂರನ್ನು ಸುತ್ತಿಗೆಯಿಂದ ಹೊಡೆದರೆ ಗಾಜಿನ ಹಾಗೆ ಒಡೆಯುತ್ತದೆ, ಒಡೆದ ಮುಖ ಹೊಳೆಯುತ್ತದೆ. ಆದರೆ ಸುಮ್ನೆ ಬಿಟ್ಟರೆ ಹರಿಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಂಥದ್ದನ್ನೇ ಆಲಿಕೆಯೊಂದಕ್ಕೆ 1927ರಲ್ಲಿ ಸುರಿದು, 1930ರಲ್ಲಿ ಕೆಳಗಿನ ಬಾಯಿ ಕತ್ತರಿಸಿ ಬಿಟ್ಟರು, 2014ರ ಹೊತ್ತಿಗೆ ಬಿದ್ದಿದ್ದು 9 ಹನಿ. ಹಾಗಾದರೆ ಅದರ ಮೇಲೆ ಉಕ್ಕಿನ ಗುಂಡು ಇಟ್ಟರೆ ಮುಳುಗಬೇಕು, ಅಡಿಯಲ್ಲಿ ಕಾರ್ಕ್ ಇಟ್ಟರೆ ಮೇಲೆ ಬರಬೇಕು.

ಮೊದಲ ಜಾಡಿ: ಡಾಂಬರು ಕರಗಿಸಿ ಬಿಸಿ ಬಿಸಿ ಗಾಜಿನ ಜಾಡಿಗೆ ಸುರಿದೆ, ಜಾಡಿ ಚಟ್ ಅಂತ ಒಡೆಯಿತು. ನೆಲದ ಮೇಲಿನ ಕಲೆ ಇನ್ನೂ ಹೋಗಿಲ್ಲ. (ಈ ಕೆಲಸ ಮನೆಯೊಳಗೆ ಮಾಡಬೇಡಿ, ಹೊಗೆ ಒಳ್ಳೆಯದಲ್ಲ, ಚರ್ಮಕ್ಕೆ ಅಂಟಿದರೆ ಸುಟ್ಟು ಹಿಡಿದುಕೊಳ್ಳುತ್ತದೆ.)

ಎರಡನೇ ಜಾಡಿ, ಈ ಸಲ ತಗಡಿನದು: ಮೇಲ್ಮೈ ಗಟ್ಟಿಯಾಯಿತು ಅಂತ ಸಂಜೆ ಗುಂಡು ಇಟ್ಟೆ. ಬೆಳಗ್ಗೆ ನೋಡಿದರೆ ಗುಂಡೇ ಇಲ್ಲ. ಒಳಗೆ ಇನ್ನೂ ಬಿಸಿ ಇತ್ತು. ಒಂದೇ ರಾತ್ರಿಗೆ ದಾಟಿತು ಅಂತ ಗೆಳೆಯನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟಿದ್ದೆ, ಆಮೇಲೆ ಮಾತು ವಾಪಸ್ ತೆಗೆದುಕೊಳ್ಳಬೇಕಾಯಿತು.

ಮೂರನೆಯದು: ಅಡಿಗೆ ಕಾರ್ಕ್ ಅಂಟಿಸಿ, ಡಾಂಬರು ಸುರಿದು, ಮೂರು ದಿನ ಪೂರ್ತಿ ಆರಲು ಬಿಟ್ಟು, ಆಮೇಲೆ 10 ಮಿಮೀ ಬೇರಿಂಗ್ ಗುಂಡು ಇಟ್ಟೆ. ಗುಂಡು ಡಾಂಬರಿನೊಳಗೆ ಹೋದಮೇಲೆ ಕಾಣುವುದಿಲ್ಲವಲ್ಲ, ಅದಕ್ಕೆ ಅದರ ತಲೆಗೆ 30 ಮಿಮೀ ಉದ್ದದ ತೆಳು ತಂತಿ ನೆಟ್ಟಗೆ ಅಂಟಿಸಿದ್ದೇನೆ. ಜಾಡಿಯ ಬಾಯಿಂದ ತಂತಿಯ ತುದಿವರೆಗೆ ಕ್ಯಾಲಿಪರ್‌ನ ಆಳ ಅಳೆಯುವ ಕಡ್ಡಿಯಿಂದ ಪ್ರತಿ ದಿನ ಬೆಳಗ್ಗೆ ಅಳತೆ. ಮೊದಲ ವಾರ ದಿನಕ್ಕೆ 0.4 ಮಿಮೀ ಹತ್ತಿರ ಇಳಿಯಿತು. ಗುಂಡು ಒಳಗೆ ಹೋದಷ್ಟೂ ನಿಧಾನ ಆಯಿತು, ಈಗ 0.15ರ ಆಸುಪಾಸು. ಸೆಕೆ ಜಾಸ್ತಿ ಇದ್ದ ನಾಲ್ಕು ದಿನ ಮಾತ್ರ ಎರಡು ಪಟ್ಟು ಓಡಿತು.

ದಿನ 38ರಂದು ಒಂದು ದಡ್ಡತನ ಮಾಡಿದೆ. ಗುಂಡು ನೆಟ್ಟಗೆ ಇಳಿಯುತ್ತಿದೆಯಾ ಅಂತ ನೋಡಲು ಮೇಲಿನಿಂದ ಅಯಸ್ಕಾಂತ ಹಿಡಿದೆ, ಒಂದು ರಾತ್ರಿ ಅಲ್ಲೇ ಮರೆತುಬಿಟ್ಟೆ. ಮರುದಿನದ ಅಳತೆಯಲ್ಲಿ ಗುಂಡು ಮೇಲಕ್ಕೆ ಬಂದಿತ್ತು, 0.3 ಮಿಮೀ. ಆ ಎರಡು ದಿನದ ಅಳತೆಗಳನ್ನು ಹೊಡೆದುಹಾಕಿದ್ದೇನೆ.

ಇವತ್ತು, ದಿನ 60. ಗುಂಡಿನ ತಲೆ ಮೇಲ್ಮೈಗೆ ಸಮ ಬಂದಿದೆ, ಸುತ್ತಲಿನ ತಗ್ಗು ಅಂಚಿನಿಂದ ಮುಚ್ಚಿಕೊಳ್ಳುತ್ತಿದೆ. ಗೆಳೆಯ ನಿನ್ನೆ ಬಂದವನು ಮೇಲ್ಮೈಯನ್ನು ಉಗುರಿನಿಂದ ತಟ್ಟಿ ನೋಡಿದ, ಕಲ್ಲಿನ ಹಾಗೆ ಟಕ್ ಟಕ್ ಅಂತು. ಆಮೇಲೆ ಬೆರಳು ಅಲ್ಲೇ ಊರಿ ಐದು ನಿಮಿಷ ನಿಂತ. ತೆಗೆದಾಗ ಬೆರಳ ಗೆರೆ ಮೂಡಿತ್ತು. ಇವತ್ತು ಬೆಳಗ್ಗೆ ಆ ಗೆರೆ ಇಲ್ಲ. ತಂತಿಯ ಇವತ್ತಿನ ಅಳತೆ 21.35, ನಿನ್ನೆಯದು 21.20. ಕಾರ್ಕ್ ಇನ್ನೂ ಕಂಡಿಲ್ಲ.